ಪಾರ್ಕಿನ ಕೀಲಿ ಯಾರ ಹತ್ತಿರ?

ಹೋದ ತಿಂಗಳು ಈ ಅಂಕಣದ ಕೊನೆಗೆ "ನಿಮ್ಮೂರಿನ ಪಾರ್ಕು, ಮೈದಾನದ ಬಗ್ಗೆ ಕೇಳುವುದಿದ್ದರೆ ಬರೆಯಿರಿ" ಅಂತ ಒಂದು ಸಾಲು ಹಾಕಿದ್ದೆ. ಹತ್ತು ಪತ್ರ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಚೀಲ ತುಂಬಿದೆ. ಇಷ್ಟು ಸಿಟ್ಟು ಒಳಗೆ ಇಟ್ಟುಕೊಂಡು ಜನ ದಿನಾ ಸಂಜೆ ವಾಕಿಂಗ್ ಹೋಗುತ್ತಿದ್ದಾರೆ ಅಂತ ಗೊತ್ತಿರಲಿಲ್ಲ! ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬೇರೆ ಬೇರೆ ಊರಿನ ಪಾರ್ಕುಗಳಿಗೆ ನೀರು ಬಿಡಿಸುವ, ಗಿಡ ನೆಡಿಸುವ, ಮುರಿದ ಜೋಕಾಲಿ ಕಟ್ಟಿಸುವ ಕೆಲಸ ಮಾಡಿದವನು. ಕಚೇರಿಯ ಒಳಗಿನ ಕಷ್ಟವೂ ಗೊತ್ತು, ಗೇಟಿನ ಹೊರಗೆ ನಿಂತವರ ಕಷ್ಟವೂ ಗೊತ್ತು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿಗೆ ಬೆಳಗ್ಗೆ ಒಂಬತ್ತಕ್ಕೆ ಕೀಲಿ ಬಿದ್ದರೆ ತೆಗೆಯುವುದು ಸಂಜೆ ಐದಕ್ಕೆ. ಏಳೂವರೆಗೆ ಮತ್ತೆ ಕೀಲಿ. ಮಕ್ಕಳಿಗೆ ರಜೆ, ಮನೆಯಲ್ಲಿ ಮೊಬೈಲ್ ಬಿಟ್ಟರೆ ಬೇರೆ ಏನಿಲ್ಲ. ಕಾವಲುಗಾರನನ್ನು ಕೇಳಿದರೆ "ಮ್ಯಾಲಿನವ್ರು ಹೇಳ್ಯಾರ್ರೀ" ಅಂತಾನೆ. ಈ ಮೇಲಿನವರು ಯಾರು?
— ಇಬ್ಬರು ಮಕ್ಕಳ ತಾಯಿ, ಕಲಬುರಗಿ

ಅಕ್ಕಾ, ಅರ್ಧ ಪತ್ರಗಳಲ್ಲಿ ಇರುವುದು ನಿಮ್ಮದೇ ಪ್ರಶ್ನೆ. ಗೇಟಿಗೆ ಕೀಲಿ ಕಂಡ ಕೂಡಲೇ ನಾವೆಲ್ಲ "ಪಾಲಿಕೆಯವರು" ಅಂತ ಬೈಯುತ್ತೇವೆ. ಆ ಜಾಗ ಪಾಲಿಕೆಯದ್ದೇ ಆಗಿರಬೇಕು ಅಂತ ಏನಿಲ್ಲ. ವಾರ್ಡಿನ ಪಾರ್ಕು ಸಾಮಾನ್ಯವಾಗಿ ಪಾಲಿಕೆಯದ್ದು. ಹೊಸ ಬಡಾವಣೆಯದ್ದಾದರೆ ಇನ್ನೂ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಇರಬಹುದು, ಇಲ್ಲವೇ ಲೇಔಟ್ ಮಾಡಿದವರು ಹಸ್ತಾಂತರವನ್ನೇ ಮಾಡಿರುವುದಿಲ್ಲ. ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋದರೆ ಅಲ್ಲಿ ಮಾತು ನಡೆಯುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು. ಎನ್.ವಿ. ಮೈದಾನವನ್ನು ಊರೆಲ್ಲ ತನ್ನದೇ ಅಂದುಕೊಂಡಿದೆ, ಅದು ಶಿಕ್ಷಣ ಸಂಸ್ಥೆಯದ್ದು. ಹಾಗಾಗಿ ಮೊದಲು ಕೇಳಬೇಕಾದ್ದು ಕೀಲಿಕೈ ಯಾವ ಕಚೇರಿಯ ಗೋಡೆಗೆ ನೇತಾಡುತ್ತದೆ ಅಂತ. ಅದು ಗೊತ್ತಾಗದೆ ಅರ್ಜಿ ಬರೆದರೆ ಅದು ಟೇಬಲ್‌ನಿಂದ ಟೇಬಲ್‌ಗೆ ತಿರುಗುತ್ತಲೇ ಇರುತ್ತದೆ, ನಿಮ್ಮ ಮಕ್ಕಳ ರಜೆ ಮುಗಿದಿರುತ್ತದೆ.

ಇನ್ನು ವೇಳೆಯ ಮಾತು. ಪಾರ್ಕನ್ನು ಎಷ್ಟು ಗಂಟೆಗೆ ತೆಗೆಯಬೇಕು ಎನ್ನುವುದು ನೋಡಿಕೊಳ್ಳುವ ಸಂಸ್ಥೆಯ ತೀರ್ಮಾನ, ಅವರು ಮನಸ್ಸು ಮಾಡಿದರೆ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ, ಬಿಸಿಲಿಗೆ ಹೆದರಿ. ಕಚೇರಿಗೆ ಬೇಸಿಗೆ ವೇಳೆ ಇದೆ, ಪಾರ್ಕಿಗೆ ಯಾಕಿಲ್ಲ ಅಂತ ಕೇಳಿ. ಬೆಳಗ್ಗೆ ಐದೂವರೆಗೆ ತೆಗೆಯಲಿ, ಸಂಜೆ ಒಂಬತ್ತೂವರೆ ತನಕ ಬಿಡಲಿ. ಮಧ್ಯಾಹ್ನ ಮುಚ್ಚುವುದು ಮಾತ್ರ ಅಷ್ಟು ತಪ್ಪಲ್ಲ, ನಿಜ ಹೇಳಬೇಕೆಂದರೆ. ನಮ್ಮ ಪಾರ್ಕುಗಳಲ್ಲಿ ದಾರಿಗೆ ಹಾಸುವುದು ಶಹಾಬಾದ್ ಪರ್ಸಿ. ಮನೆಯೊಳಗೆ ಅಷ್ಟು ತಂಪಾದ ಕಲ್ಲು ಮೇ ತಿಂಗಳ ಎರಡು ಗಂಟೆಗೆ ಹಂಚಿನ ತರಹ ಕಾಯುತ್ತದೆ. ಚಪ್ಪಲಿ ಬಿಟ್ಟು ಜಾರುಬಂಡಿ ಹತ್ತಿದ ಮಗು ಇಳಿದು ಬಂದು ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ ಕುಣಿಯುವುದನ್ನು ನೋಡಿದ್ದೇನೆ. ತಗಡಿನ ಜಾರುಬಂಡಿಯಾದರೆ ಕೂರುವ ಮೊದಲೇ ಅಳು. ಅದಕ್ಕೆ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಆಟದ ಸಾಮಾನಿನ ಪಶ್ಚಿಮಕ್ಕೆ ಎರಡು ಬೇವು, ಎರಡು ಹೊಂಗೆ ಹಾಕಿಸಿ ಅಂತ. ಸಂಜೆಯ ಬಿಸಿಲು ಆ ಕಡೆಯಿಂದಲೇ ಬರುವುದು.

ಒಳಗಿನ ಒಂದು ಗುಟ್ಟು ಹೇಳುತ್ತೇನೆ. ಬೇಗ ಕೀಲಿ ಬೀಳುವುದಕ್ಕೆ ಎಷ್ಟೋ ಸಲ ಯಾರ ಆದೇಶವೂ ಕಾರಣವಲ್ಲ. ಇರುವವನು ಒಬ್ಬನೇ ಕಾವಲುಗಾರ, ಹೊರಗುತ್ತಿಗೆಯವನು, ಅವನೂ ಮನೆಗೆ ಹೋಗಬೇಕಲ್ವಾ. ಬೆಳಗ್ಗೆ ಐದೂವರೆಯಿಂದ ರಾತ್ರಿ ಒಂಬತ್ತೂವರೆ ತನಕ ಒಬ್ಬನೇ ನಿಲ್ಲೋದು ಹೇಗೆ? ಕೆಲವು ಕಡೆ ಬೆಳಗಿನ ಕೀಲಿಕೈಯನ್ನು ಬಡಾವಣೆಯ ಹಿರಿಯರೊಬ್ಬರಿಗೆ ಬರವಣಿಗೆಯಲ್ಲಿ ಕೊಡುತ್ತಾರೆ. ಐದು ಗಂಟೆಗೆ ಏಳುವ ಅಜ್ಜ ಒಬ್ಬರು ನಿಮ್ಮ ಓಣಿಯಲ್ಲೂ ಇದ್ದೇ ಇರುತ್ತಾರೆ. ಬಾಯಿಮಾತಲ್ಲಿ ಮಾತ್ರ ಇಸಿದುಕೊಳ್ಳಬೇಡಿ, ನಾಳೆ ಪಂಪು ಕಳುವಾದರೆ ಅಜ್ಜನ ತಲೆಗೆ ಬರುತ್ತದೆ.

ಪ್ರಶ್ನೆ: ಸೈಟು ಕೊಳ್ಳುವಾಗ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ಪಾರ್ಕು ಅಂತ ತೋರಿಸಿದ್ದರು. ಹನ್ನೊಂದು ವರ್ಷ ಆಯ್ತು. ಈಗ ಅಲ್ಲಿ ಒಂದು ಮೂಲೆಗೆ ತಗಡಿನ ಶೆಡ್ಡು, ಇನ್ನೊಂದು ಮೂಲೆಗೆ ಜಲ್ಲಿ ರಾಶಿ. ಮೊನ್ನೆ ಯಾರೋ ಬಂದು ಟೇಪು ಹಿಡಿದು ಅಳೆದುಕೊಂಡು ಹೋದರು. ಹೆದರಿಕೆ ಆಗುತ್ತಿದೆ.
— ನಿವೃತ್ತ ನೌಕರ, ಬಡಾವಣೆ ಹೆಸರು ಬೇಡ

ಹೆದರಿಕೆ ಸರಿಯಾಗಿಯೇ ಇದೆ, ಸರ್. ಟೇಪು ಹಿಡಿದು ಬಂದವರು ಗಿಡ ನೆಡುವುದಕ್ಕೆ ಬಂದಿರುವುದು ಕಡಿಮೆ. ಆದರೆ ಕಾನೂನು ನಿಮ್ಮ ಕಡೆ ಗಟ್ಟಿಯಾಗಿ ಇದೆ.

ಕರ್ನಾಟಕದಲ್ಲಿ 1985ರಿಂದಲೇ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡುವುದಕ್ಕೆ ಒಂದು ಕಾಯ್ದೆ ಇದೆ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಪಾರ್ಕು, ಮೈದಾನಗಳ ಪಟ್ಟಿ ಮಾಡಬೇಕು, ಪಟ್ಟಿಯಲ್ಲಿ ಇರುವ ಜಾಗವನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಪಟ್ಟಿಯ ಮಾತು ಹಾಗಿರಲಿ, ಪ್ರಾಧಿಕಾರ ತಾನೇ ಬಡಾವಣೆ ಮಾಡಿದರೆ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಕನಿಷ್ಠ ಶೇ 15 ಜಾಗ ಪಾರ್ಕು, ಮೈದಾನಕ್ಕೆ ಬಿಡಲೇಬೇಕು. ಹತ್ತು ಎಕರೆ ಬಡಾವಣೆಗೆ ಒಂದೂವರೆ ಎಕರೆ. ಖಾಸಗಿ ಲೇಔಟಿನ ಲೆಕ್ಕ ಬೇರೆ, ಕಾಲಕಾಲಕ್ಕೆ ಬದಲಾಗಿದೆ ಕೂಡ. ಅದಕ್ಕೇ ಅವರಿವರು ಹೇಳಿದ ಶೇಕಡಾವಾರು ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ನಿಮಗೆ ಬೇಕಾದ್ದು ಒಂದೇ ಕಾಗದ, ನಿಮ್ಮ ಲೇಔಟಿಗೆ ಅನುಮೋದನೆ ಕೊಟ್ಟ ನಕ್ಷೆಯ ದೃಢೀಕೃತ ಪ್ರತಿ. ಬ್ರೋಕರ್ ಕೊಟ್ಟ ಬಣ್ಣದ ಬ್ರೋಷರ್ ಅಲ್ಲ. ಅದರಲ್ಲಿ ಈಜುಕೊಳವೂ ಇರುತ್ತದೆ, ನವಿಲೂ ಇರುತ್ತದೆ.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಪ್ರಾಧಿಕಾರಕ್ಕೆ ಮೂರು ವಿಷಯ ಕೇಳಿ. ಅನುಮೋದಿತ ನಕ್ಷೆ, ಪಾರ್ಕಿನ ಜಾಗದ ಚೆಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಮತ್ತು ಅಳತೆ, ಆ ಜಾಗ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆದ ದಿನಾಂಕ ಮತ್ತು ಪತ್ರ. 30 ದಿನದಲ್ಲಿ ಉತ್ತರ ಕೊಡಬೇಕು. ಮೂರನೆಯದ್ದೇ ಮುಖ್ಯ. ನಾನು ನೋಡಿದ ಹಾಗೆ ಹತ್ತರಲ್ಲಿ ಏಳು ಜಗಳ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಲೇಔಟಿನವನು "ಕೊಟ್ಟಿದ್ದೇನೆ" ಅಂತಾನೆ, ಕಚೇರಿಯವರು "ತಗೊಂಡಿಲ್ಲ" ಅಂತಾರೆ, ನಡುವೆ ಜಾಗಕ್ಕೆ ಯಜಮಾನನೇ ಇಲ್ಲದೆ ಜಾಲಿ ಬೆಳೆಯುತ್ತದೆ. ಮಾಲೀಕರಿಲ್ಲದ ಜಾಗ ಅಂತ ಕಂಡರೆ ಶೆಡ್ಡು ಹಾಕುವುದಕ್ಕೆ ಯಾರಿಗೂ ಭಯವಿಲ್ಲ.

ನಿಮ್ಮ ಅರ್ಜಿಗೆ ಬಲ ಬೇಕಿದ್ದರೆ ಒಂದು ತೀರ್ಪು ಉಲ್ಲೇಖಿಸಿ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಒಂದು ಟ್ರಸ್ಟಿಗೆ ನರ್ಸಿಂಗ್ ಹೋಂ ಕಟ್ಟಲು ಕೊಟ್ಟಿದ್ದರು. ಅಕ್ಕಪಕ್ಕದ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಅಂತ ಆ ಕೇಸಿನ ಹೆಸರು, ವಕೀಲರಿಗೆ ಹೇಳಿದರೆ ತಕ್ಷಣ ತಿಳಿಯುತ್ತದೆ. ಆಸ್ಪತ್ರೆ ಒಳ್ಳೆಯದಲ್ವಾ ಅನ್ನುವ ವಾದವೂ ಅಲ್ಲಿ ನಡೆಯಲಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ ನಿಮ್ಮ ಜಾಗಕ್ಕೆ ನಾಳೆ ಬರುವವನು ಸಮುದಾಯ ಭವನ ಅಂತಲೋ, ಗುಡಿ ಅಂತಲೋ ಒಳ್ಳೆಯ ಹೆಸರು ಹಿಡಿದುಕೊಂಡೇ ಬರುತ್ತಾನೆ. ಆಗ ಓಣಿಯವರಲ್ಲೇ ಅರ್ಧ ಜನ ಅವನ ಕಡೆ ಹೋಗುತ್ತಾರೆ. ಆ ದಿನಕ್ಕೆ ಮೊದಲು ನಕ್ಷೆ ಕೈಯಲ್ಲಿರಲಿ. ಸದ್ಯಕ್ಕೆ ಆ ಜಲ್ಲಿ ರಾಶಿಯದ್ದು ದಿನಾಂಕ ಕಾಣುವ ಹಾಗೆ ಫೋಟೊ ತೆಗೆದಿಡಿ.

ಪ್ರಶ್ನೆ: ಬರೀದ್ ಶಾಹಿ ಗೋರಿಗಳ ತೋಟದಲ್ಲಿ ಅಷ್ಟು ಜಾಗ ಇದೆ. ಮಕ್ಕಳಿಗೆ ಎರಡು ಜೋಕಾಲಿ, ನಮ್ಮಂಥವರಿಗೆ ಓಪನ್ ಜಿಮ್ ಹಾಕಿದರೆ ಯಾರ ಗಂಟು ಹೋಗುತ್ತದೆ?
— ಬೆಳಗಿನ ವಾಕರ್, ಬೀದರ್

ಅದು ಸಂರಕ್ಷಿತ ಸ್ಮಾರಕ, ಸರ್. ಸ್ಮಾರಕದ ಗಡಿಯಿಂದ 100 ಮೀಟರ್ ತನಕ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರ ಆಚೆ ಇನ್ನೂ 200 ಮೀಟರ್ ತನಕ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದು. ಬೀದರ್ ಕೋಟೆ ಸುತ್ತ, ಕಲಬುರಗಿಯ ಹಫ್ತ್ ಗುಂಬಜ್ ಸುತ್ತ ಕೂಡ ಇದೇ ಲೆಕ್ಕ. ನಗರದ ಕಚೇರಿಗೆ ಎಷ್ಟು ಸಲ ಅರ್ಜಿ ಕೊಟ್ಟರೂ ಅವರ ಕೈಯಲ್ಲಿಲ್ಲ. ಮತ್ತೆ ನನ್ನ ಸ್ವಂತ ಮಾತು ಒಂದು: ಬೆಳಗ್ಗೆ ಆರಕ್ಕೆ ಆ ಗುಮ್ಮಟಗಳ ನಡುವೆ ನಡೆಯುವ ಭಾಗ್ಯ ಇದ್ದವರಿಗೆ ಹಳದಿ ಬಣ್ಣದ ಕಬ್ಬಿಣದ ಸೈಕಲ್ ಯಾಕೆ ಬೇಕು, ನನಗೆ ಅರ್ಥವಾಗಿಲ್ಲ. ಜಿಮ್ಮು ನಿಮ್ಮ ವಾರ್ಡಿನ ಪಾರ್ಕಿನಲ್ಲಿ ಕೇಳಿ.

ಪ್ರಶ್ನೆ: ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓಡುವ ಪ್ರಾಕ್ಟೀಸ್ ಮಾಡುತ್ತಿದ್ದೇವೆ, ಎಂಟು ಜನ ಗೆಳೆಯರು. ನಮ್ಮ ಮೈದಾನದಲ್ಲಿ ತಿಂಗಳಿಗೆ ಎರಡು ಸಲವಾದರೂ ಪೆಂಡಾಲ್ ಬೀಳುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಗೂಟ ಕಿತ್ತ ತಗ್ಗು, ಮೊಳೆ, ಊಟದ ಪ್ಲೇಟು. ನಮ್ಮಲ್ಲಿ ಒಬ್ಬನ ಕಾಲು ತಗ್ಗಿಗೆ ಹೋಗಿ ಹಿಮ್ಮಡಿ ಉಳುಕಿ ಒಂದು ತಿಂಗಳು ಮಲಗಿದ. ಯಾರಿಗೆ ಹೇಳಬೇಕು ಸರ್?
— ಪದವಿ ವಿದ್ಯಾರ್ಥಿ, ಯಾದಗಿರಿ ಜಿಲ್ಲೆ

ತಮ್ಮಾ, ಗೆಳೆಯನ ಕಾಲು ಈಗ ಹೇಗಿದೆ? ಪೂರ್ತಿ ವಾಸಿಯಾಗುವ ತನಕ ಓಡಿಸಬೇಡಿ, ಒಂದು ಸಲ ಉಳುಕಿದ ಹಿಮ್ಮಡಿ ಮತ್ತೆ ಅಲ್ಲೇ ಉಳುಕುತ್ತದೆ.

ಮೈದಾನ ಕಾರ್ಯಕ್ರಮಕ್ಕೆ ಕೊಡಲೇಬಾರದು ಅಂತ ನಾನು ಹೇಳುವುದಿಲ್ಲ. ಸಣ್ಣ ಊರಿನಲ್ಲಿ ಸಾವಿರ ಜನ ಕೂರುವ ಬೇರೆ ಜಾಗ ಇರುವುದಿಲ್ಲ. ಆದರೆ ಕೊಡುವಾಗ ಬಾಡಿಗೆ ಬೇರೆ, ಠೇವಣಿ ಬೇರೆ ಅಂತ ಇರಬೇಕು. ಠೇವಣಿ ವಾಪಸ್ ಕೊಡುವ ಮೊದಲು ಒಬ್ಬ ಸಿಬ್ಬಂದಿ ಮೈದಾನ ಸುತ್ತಿ ನೋಡಿ ಸಹಿ ಹಾಕಬೇಕು. ಬಹಳ ಕಡೆ ಠೇವಣಿ ಇಸಿದುಕೊಳ್ಳುತ್ತಾರೆ, ಸುತ್ತಿ ನೋಡುವುದಿಲ್ಲ. ನೀವು ಕೇಳಬೇಕಾದ್ದು ಇಷ್ಟೇ: ಹೋದ ಕಾರ್ಯಕ್ರಮದ ಠೇವಣಿ ವಾಪಸ್ ಕೊಡುವಾಗ ಮೈದಾನ ಪರಿಶೀಲಿಸಿದವರು ಯಾರು? ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರಿಗೆ, ಜಿಲ್ಲಾ ಕ್ರೀಡಾಂಗಣವಾದರೆ ಕ್ರೀಡಾ ಇಲಾಖೆಯ ಸಹಾಯಕ ನಿರ್ದೇಶಕರಿಗೆ, ಉಳಿದದ್ದು ನಗರಸಭೆಯ ಪೌರಾಯುಕ್ತರಿಗೆ. ಎಂಟು ಜನ ಒಟ್ಟಿಗೆ ಹೋಗಿ, ಒಬ್ಬರೇ ಮಾತಾಡಿ. ಒಂದು ಡಬ್ಬಿಯಲ್ಲಿ ಆ ಮೊಳೆಗಳನ್ನು ತುಂಬಿ ತಗೊಂಡು ಹೋಗಿ ಟೇಬಲ್ ಮೇಲೆ ಇಡಿ. ಹತ್ತು ಪುಟದ ಅರ್ಜಿಗಿಂತ ಅದು ಕೆಲಸ ಮಾಡುತ್ತದೆ, ನಾನೇ ಟೇಬಲ್‌ನ ಆ ಕಡೆ ಕೂತವನು. ಇನ್ನು ಧ್ವನಿವರ್ಧಕದ ಬಗ್ಗೆ ಇನ್ನೊಂದು ಪತ್ರದಲ್ಲಿ ಕೇಳಿದ್ದಾರೆ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಮೈಕು ಹಾಕುವಂತಿಲ್ಲ ಅಂತ 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ, ಹಗಲಿಗೂ ಲಿಖಿತ ಅನುಮತಿ ಬೇಕು.

ತಗ್ಗಿನ ಮೂಲ ಮಣ್ಣಿನಲ್ಲೇ ಇದೆ. ಯಾದಗಿರಿ, ಕಲಬುರಗಿಯ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆ ಬಿರುಕಿನಲ್ಲಿ ನನ್ನ ನಾಲ್ಕು ಬೆರಳು ಇಳಿದದ್ದು ಉಂಟು. ಗೂಟ ಕಿತ್ತ ತಗ್ಗಿಗೆ ಅದೇ ಮಣ್ಣು ತುಂಬಿದರೆ ಮೊದಲ ಮಳೆಗೆ ಕುಸಿಯುತ್ತದೆ. ಮುರುಮ್ ಅಂದರೆ ಗರಸು ಮಣ್ಣು ಹಾಕಿ, ನೀರು ಹೊಡೆದು, ಕುಟ್ಟಿ ಗಟ್ಟಿ ಮಾಡಬೇಕು. ಬೀದರ್‌ನವರಿಗೆ ಈ ಕಷ್ಟ ಕಡಿಮೆ, ಅಲ್ಲಿ ಬಹಳ ಕಡೆ ಕಾಲಡಿಗೆ ಕೆಂಪು ಜಂಬಿಟ್ಟಿಗೆ ನೆಲವೇ ಇದೆ, ನೀರು ಬಸಿದು ಹೋಗುತ್ತದೆ. ಬೆಂಗಳೂರಿನಲ್ಲಿ ತಯಾರಾದ ಒಂದೇ ಅಂದಾಜು ಪಟ್ಟಿಯಲ್ಲಿ ಎರಡೂ ಕಡೆ ಮೈದಾನ ಮಾಡಿದರೆ ಒಂದು ಕಡೆ ಬಿರುಕು ಬಿಡುವುದು ಖಂಡಿತ.

ಅಲ್ಲಿಯ ತನಕ ಪ್ರಾಕ್ಟೀಸ್ ನಿಲ್ಲಬಾರದಲ್ಲ. ದೊಡ್ಡ ಮೈದಾನ ಬೇಡ, ಯಾವುದಾದರೂ ಶಾಲೆಯ ಅಂಗಳದಲ್ಲಿ 200 ಮೀಟರ್ ಟ್ರ್ಯಾಕ್ ನೀವೇ ಹಾಕಿಕೊಳ್ಳಬಹುದು. ಉದ್ದ 82 ಮೀಟರ್, ಅಗಲ 32 ಮೀಟರ್ ಜಾಗ ಸಾಕು, ಸುತ್ತ ಎರಡು ಮೂರು ಮೀಟರ್ ಬಿಡಿ. ಎರಡು ನೇರ ಗೆರೆ, ತಲಾ 50 ಮೀಟರ್. ಎರಡೂ ತುದಿಗೆ ಅರ್ಧ ವೃತ್ತ. ಅದರ ನಡುವಿನಲ್ಲಿ ಗೂಟ ನೆಟ್ಟು, 15.9 ಮೀಟರ್ ಹಗ್ಗ ಕಟ್ಟಿ ಸುತ್ತು ಬಂದರೆ ಗೆರೆ ಬರುತ್ತದೆ. ಸುಣ್ಣ ಹಾಕಿ. ಹಗ್ಗ ನೈಲಾನ್ ಆದರೆ ಎಳೆದಾಗ ಉದ್ದವಾಗುತ್ತದೆ, ಅದಕ್ಕೆ ತಂತಿ ಒಳ್ಳೆಯದು. ಆ ಗೆರೆಯ ಮೇಲೇ ಎಂಟು ಸುತ್ತು ಓಡಿದರೆ 1600 ಮೀಟರ್. ಪರೀಕ್ಷೆಯಲ್ಲಿ ಗಂಡುಮಕ್ಕಳಿಗೆ ಅದಕ್ಕೆ 6 ನಿಮಿಷ 30 ಸೆಕೆಂಡ್, ಅಂದರೆ ಸುತ್ತಿಗೆ 48ರಿಂದ 49 ಸೆಕೆಂಡ್. ಮೊದಲ ಸುತ್ತು 40ಕ್ಕೆ ಓಡಿ ಆರನೇ ಸುತ್ತಿಗೆ ಕುಸಿಯುವ ಹುಡುಗರೇ ಜಾಸ್ತಿ. ಗೆಳೆಯನಿಗೆ ಕಾಲು ನೋವು ಇದೆಯಲ್ಲ, ಅವನ ಕೈಗೆ ಸ್ಟಾಪ್‌ವಾಚ್ ಕೊಡಿ, ಪ್ರತಿ ಸುತ್ತಿಗೂ ಕೂಗಿ ಹೇಳಲಿ.

ಪ್ರಶ್ನೆ: ಪಾರ್ಕು ಉದ್ಘಾಟನೆ ಆದಾಗ ಹಸಿರು ಹುಲ್ಲು ಕಾರ್ಪೆಟ್ ಹಾಸಿದ ಹಾಗಿತ್ತು. ಎರಡನೇ ಬೇಸಿಗೆಗೆ ಮಣ್ಣು. ದುಡ್ಡು ಎಲ್ಲಿಗೆ ಹೋಯಿತು?
— ಅಂಗಡಿ ವ್ಯಾಪಾರಿ, ಕಲಬುರಗಿ ಜಿಲ್ಲೆ

ಎಲ್ಲವೂ ಯಾರದ್ದೋ ಜೇಬಿಗೆ ಹೋಯಿತು ಅಂದುಕೊಳ್ಳಬೇಡಿ ಅಣ್ಣಾ. ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ಬಿಸಿಲಿಗೆ ಹುಲ್ಲು ಹಸಿರಾಗಿ ಇರಬೇಕಾದರೆ ದಿನಕ್ಕೆ 5 ಮಿಲಿಮೀಟರ್ ನೀರು ಅಂತ ಇಟ್ಟುಕೊಳ್ಳಿ. ಒಂದು ಎಕರೆ ಹುಲ್ಲಿಗೆ ಅದು 20 ಸಾವಿರ ಲೀಟರ್. 5 ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಾ ನಾಲ್ಕು. ಮೇ ತಿಂಗಳಲ್ಲಿ ಮನೆಗಳಿಗೇ ನೀರು ಬಾರದೆ ಕೊಡ ಹಿಡಿದು ನಿಂತಿರುವಾಗ ಹುಲ್ಲಿಗೆ ನಾಲ್ಕು ಟ್ಯಾಂಕರ್ ಬಿಡಲು ಯಾವ ಅಧಿಕಾರಿಗೂ ಧೈರ್ಯ ಬರುವುದಿಲ್ಲ, ಬರಲೂಬಾರದು. ತಪ್ಪು ಆದದ್ದು ಹುಲ್ಲು ಒಣಗಿದ ದಿನವಲ್ಲ, ಹುಲ್ಲು ಹಾಸಬೇಕು ಅಂತ ಬರೆದ ದಿನ. ಅಷ್ಟು ಜಾಗಕ್ಕೆ ಬೇವು, ಹುಣಸೆ, ಆಲ ಹಾಕಿ ನೆರಳು ಮಾಡಿದ್ದರೆ ಮೂರು ವರ್ಷ ಕಷ್ಟ, ಆಮೇಲೆ ಅದರ ಪಾಡಿಗೆ ಅದು. ಆದರೆ ಸಸಿ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ. ಹುಲ್ಲು ಬೇಕೇ ಬೇಕು ಅಂದರೆ ಶುದ್ಧೀಕರಿಸಿದ ಕೊಳಚೆ ನೀರಿನ ಪೈಪು ಮೊದಲು ಬರಲಿ.

ಇನ್ನೊಂದು ಕಾರಣ, ಕಟ್ಟುವ ದುಡ್ಡು ಬೇರೆ, ನೋಡಿಕೊಳ್ಳುವ ದುಡ್ಡು ಬೇರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಹಣಕಾಸು ಆಯೋಗ, ಶಾಸಕರ ನಿಧಿ ಅಂತ ಕಾಮಗಾರಿಗೆ ದಾರಿಗಳಿವೆ. ಮಾಲಿಯ ಸಂಬಳ, ಕರೆಂಟು ಬಿಲ್ಲು, ಪಂಪಿನ ರಿಪೇರಿ ಬಂದಾಗ ಎಲ್ಲರೂ ಆಸ್ತಿ ತೆರಿಗೆಯ ಕಡೆ ನೋಡುತ್ತಾರೆ. ಗ್ರಂಥಾಲಯಕ್ಕಾದರೆ ಆ ತೆರಿಗೆ ಮೇಲೆ ಶೇ 6 ಕರ ಅಂತ ಬೇರೆಯಾಗಿಯೇ ಇದೆ. ಪಾರ್ಕು ಮಾತ್ರ ಬೀದಿದೀಪ, ಚರಂಡಿ, ಕಸದ ಗಾಡಿಯ ಜೊತೆ ಸಾಲಲ್ಲಿ ನಿಲ್ಲಬೇಕು.

ನಾನು ಕೆಲಸ ಮಾಡಿದ ಒಂದು ಊರು, ಹೆಸರು ಹೇಳುವುದಿಲ್ಲ. ಫೆಬ್ರುವರಿಯಲ್ಲಿ ಬೋರಿನ ಮೋಟರ್ ಸುಟ್ಟಿತು. ಕಾಯಿಲ್ ಕಟ್ಟಿಸುವುದಕ್ಕೆ ಬೇಕಾದ್ದು ಕೆಲವೇ ಸಾವಿರ. ಕಡತ ನನ್ನ ಕೈ ಬಿಟ್ಟು ಇಂಜಿನಿಯರ್ ಹತ್ತಿರ, ಅಲ್ಲಿಂದ ಲೆಕ್ಕಪತ್ರ, ಅಲ್ಲಿಂದ ಒಂದು ಆಕ್ಷೇಪಣೆ ಹೊತ್ತು ಮತ್ತೆ ನನ್ನ ಹತ್ತಿರ. ಮೂರು ಕೊಟೇಷನ್ ಬೇಕಂತೆ. ಊರಲ್ಲಿ ಕಾಯಿಲ್ ಕಟ್ಟುವವನು ಇದ್ದದ್ದೇ ಒಬ್ಬ. ಮೋಟರ್ ವಾಪಸ್ ಬಂದದ್ದು ಜೂನ್‌ನ ಮಿರಗ ಮಳೆ ಬಿದ್ದ ಮೇಲೆ. ಅಷ್ಟರಲ್ಲಿ ನಾನೇ ನೆಡಿಸಿದ್ದ ನಲವತ್ತು ಹೊಂಗೆ ಸಸಿಯಲ್ಲಿ ಹನ್ನೊಂದು ಉಳಿದಿದ್ದವು, ಅವೂ ಎದುರುಮನೆಯ ಒಬ್ಬಾಕೆ ಪಾತ್ರೆ ತೊಳೆದ ನೀರನ್ನು ದಿನಾ ಬಕೆಟಿನಲ್ಲಿ ತಂದು ಹಾಕಿದ್ದಕ್ಕೆ. ಉದ್ಘಾಟನೆ ಕಲ್ಲಿಗೆ ಮಾತ್ರ ಏನೂ ಆಗಿರಲಿಲ್ಲ.

ಹಾಗಾಗಿ ಹೊಸ ಪಾರ್ಕು ಬರುತ್ತದೆ ಅಂದಾಗ ನೀವು ವಾರ್ಡಿನ ಸದಸ್ಯರನ್ನು ಕೇಳಬೇಕಾದ್ದು, ಟೆಂಡರಿನಲ್ಲಿ ಎಷ್ಟು ವರ್ಷದ ನಿರ್ವಹಣೆ ಸೇರಿದೆ ಅಂತ. ಸೇರಿದ್ದರೆ ಆ ಅವಧಿಯಲ್ಲಿ ಮುರಿದ ಜೋಕಾಲಿ ಸರಿ ಮಾಡಬೇಕಾದವನು ಗುತ್ತಿಗೆದಾರ, ಅವನ ಫೋನ್ ನಂಬರ್ ಗೇಟಿಗೆ ಬರೆಸಿ.

ಪ್ರಶ್ನೆ: ನನ್ನ ಮಗಳು ಖೋ-ಖೋ ಚೆನ್ನಾಗಿ ಆಡುತ್ತಾಳೆ. ಎಂಟನೇ ತರಗತಿ ಆದ ಮೇಲೆ ಮೈದಾನಕ್ಕೆ ಕಳಿಸಲು ಮನೆಯಲ್ಲಿ ಒಪ್ಪುತ್ತಿಲ್ಲ. ಅಲ್ಲಿ ಪೂರಾ ಹುಡುಗರ ಕ್ರಿಕೆಟ್.
— ಅಂಗನವಾಡಿ ಕಾರ್ಯಕರ್ತೆ, ಬೀದರ್ ಜಿಲ್ಲೆ

ತಾಯಿ, ಮನೆಯವರ ಜೊತೆ ನಾನು ಇಲ್ಲಿಂದ ಜಗಳ ಮಾಡಲಾರೆ. ಆದರೆ ಅವರ ಅಂಜಿಕೆಯಲ್ಲಿ ಅರ್ಧ ಭಾಗ ಮೈದಾನದ ತಪ್ಪು. ಒಂದೇ ಮೈದಾನದಲ್ಲಿ ಐದು ಕ್ರಿಕೆಟ್ ಪಿಚ್ಚು, ಒಬ್ಬರ ಫೀಲ್ಡರ್ ಇನ್ನೊಬ್ಬರ ಬೌಲರ್ ಪಕ್ಕ ನಿಂತಿರುತ್ತಾನೆ. ಅದರ ನಡುವೆ ಎಂಟು ಹುಡುಗಿಯರು ಸಾಲಾಗಿ ಕೂರುವುದು ಎಲ್ಲಿ? ಖೋ-ಖೋಗೆ ಬೇಕಾದ್ದು 30 ಮೀಟರ್‌ಗೂ ಕಡಿಮೆ ಉದ್ದದ ಪಟ್ಟಿ. ಹುಡುಗಿಯರ ಕಬಡ್ಡಿಗೆ 12 ಮೀಟರ್, 8 ಮೀಟರ್. ಗೇಟಿಗೆ ಹತ್ತಿರದ ಒಂದು ಮೂಲೆಗೆ ನಾಲ್ಕು ಕಂಬ ನೆಟ್ಟು, ಬಲೆ ಕಟ್ಟಿ, ಸಂಜೆ ನಾಲ್ಕೂವರೆಯಿಂದ ಆರೂವರೆ ಹುಡುಗಿಯರಿಗೆ ಅಂತ ಬೋರ್ಡು ಹಾಕಿದರೆ ಸಾಕು. ಬೋರ್ಡಿನ ಜೊತೆ ಒಂದು ದೀಪ, ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಶೌಚಾಲಯ. ಶೌಚಾಲಯ ಇಲ್ಲದ ಮೈದಾನಕ್ಕೆ ಹೆಣ್ಣುಮಕ್ಕಳು ಬರುವುದಿಲ್ಲ, ಬಂದರೂ ನೀರು ಕುಡಿಯದೆ ಆಡುತ್ತಾರೆ. ನಮ್ಮ ಬಿಸಿಲಲ್ಲಿ ಅದರಷ್ಟು ಅಪಾಯ ಬೇರೆ ಇಲ್ಲ.

ಒಬ್ಬಳಿಗಾಗಿ ಕೇಳಿದರೆ ಆಗುವುದಿಲ್ಲ. ಹನ್ನೆರಡು ಹುಡುಗಿಯರ ತಂಡ ಮಾಡಿ, ಶಾಲೆಯ ದೈಹಿಕ ಶಿಕ್ಷಕರ ಕೈಯಲ್ಲಿ ಪತ್ರ ಬರೆಸಿ. ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಶುರುವಾಗಿ ಜಿಲ್ಲೆ, ಕಲಬುರಗಿ ವಿಭಾಗ ದಾಟಿ ಮೈಸೂರಿನ ತನಕ ಹೋಗುತ್ತದೆ. "ನಮ್ಮ ತಂಡ ತಾಲ್ಲೂಕಿಗೆ ಆಡುತ್ತದೆ, ಪ್ರಾಕ್ಟೀಸಿಗೆ ವೇಳೆ ಕೊಡಿ" ಅಂದರೆ ಇಲ್ಲ ಅನ್ನುವುದು ಕಷ್ಟ. ತಂಡಕ್ಕೆ ಹೆಸರು ಬಿದ್ದ ಮೇಲೆ ಮನೆಯವರ ಮಾತಿನ ಧಾಟಿಯೂ ಸ್ವಲ್ಪ ಬದಲಾಗುತ್ತದೆ, ನೋಡಿ.

ಪ್ರಶ್ನೆ: ಬೇಸಿಗೆ ಶಿಬಿರ ಅಂದರೆ ಸಾವಿರಗಟ್ಟಲೆ ಫೀಸು. ಕಡಿಮೆ ಖರ್ಚಿನಲ್ಲಿ ಮಕ್ಕಳಿಗೆ ಏನಾದರೂ ಇದೆಯಾ?
— ಆಟೊ ಚಾಲಕ, ಕಲಬುರಗಿ

ಮಾರ್ಚ್ ಕೊನೆಗೇ ವಿಚಾರಿಸಿ, ಏಪ್ರಿಲ್ ಮಧ್ಯಕ್ಕೆ ಹೋದರೆ ಜಾಗ ಇರುವುದಿಲ್ಲ. ರಂಗಾಯಣದ ಮಕ್ಕಳ ಶಿಬಿರ, ಬಾಲಭವನ, ಕ್ರೀಡಾ ಇಲಾಖೆಯ ಬೇಸಿಗೆ ತರಬೇತಿ, ಈ ಮೂರು ಬಾಗಿಲು ಮೊದಲು ತಟ್ಟಿ. ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಇದೆ, ಅಲ್ಲಿಗೆ ಒಂದು ಮಧ್ಯಾಹ್ನ ಕರೆದುಕೊಂಡು ಹೋದರೆ ಬಿಸಿಲೂ ತಪ್ಪುತ್ತದೆ. ಮತ್ತೆ ಎಲ್ಲಕ್ಕೂ ಶಿಬಿರವೇ ಯಾಕೆ ಬೇಕು ಅಂತ. ಚಿಣಿದಾಂಡು ಕಲಿಸಲು ನಿಮಗಿಂತ ಒಳ್ಳೆಯ ಕೋಚ್ ಸಿಗುವುದಿಲ್ಲ, ಸಂಜೆ ಅರ್ಧ ಗಂಟೆ ಆಟೊ ನಿಲ್ಲಿಸಿ.

ಪ್ರಶ್ನೆ: ವಾರ್ಡ್ ಸಮಿತಿ ಅಂತ ಕೇಳಿದ್ದೇವೆ. ಪಾರ್ಕಿನ ವಿಷಯದಲ್ಲಿ ಅದಕ್ಕೆ ಅಧಿಕಾರ ಇದೆಯಾ?
— ನಿವಾಸಿಗಳ ಸಂಘದ ಕಾರ್ಯದರ್ಶಿ

ಯಾವ ಊರು ಅಂತ ಬರೆದಿಲ್ಲ ನೀವು, ಅದರ ಮೇಲೆ ಉತ್ತರ ನಿಂತಿದೆ. ಸಂವಿಧಾನದ 74ನೇ ತಿದ್ದುಪಡಿ ಪಾರ್ಕು, ತೋಟ, ಆಟದ ಮೈದಾನವನ್ನು ನಗರ ಸಂಸ್ಥೆಗಳ ಕೆಲಸದ ಪಟ್ಟಿಗೆ ಸೇರಿಸಿದೆ, 12ನೇ ಅನುಸೂಚಿಯಲ್ಲಿ 12ನೇ ಸಾಲು. ಅದೇ ತಿದ್ದುಪಡಿ 3 ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರಿಗೆ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ. 2011ರ ಜನಗಣತಿಯಲ್ಲಿ ಕಲಬುರಗಿ 5.3 ಲಕ್ಷ, ಬೀದರ್ 2.1 ಲಕ್ಷದ ಆಸುಪಾಸು, ಯಾದಗಿರಿ ಮುಕ್ಕಾಲು ಲಕ್ಷ. ಹಾಗಾಗಿ ಕಲಬುರಗಿಯವರು ಇದನ್ನು ಹಕ್ಕಿನಿಂದ ಕೇಳಬಹುದು. ಉಳಿದ ಎರಡು ಊರಿನವರು ಸಂಘ ನೋಂದಾಯಿಸಿ ಒಪ್ಪಂದದ ಮೇಲೆ ಪಾರ್ಕು ನೋಡಿಕೊಳ್ಳುವ ದಾರಿ ಹಿಡಿಯಿರಿ. ಒಪ್ಪಂದದಲ್ಲಿ ನೀರು, ಕರೆಂಟು ಬಿಲ್ಲು ಯಾರದ್ದು ಅಂತ ಬರೆಸದೆ ಸಹಿ ಹಾಕಬೇಡಿ. ಮತ್ತೆ ಸಂಘದವರು ನೋಡಿಕೊಳ್ಳುತ್ತಾರೆ ಅಂದ ಮಾತ್ರಕ್ಕೆ "ಬಡಾವಣೆಯವರಿಗೆ ಮಾತ್ರ" ಅಂತ ಬೋರ್ಡು ಹಾಕುವಂತಿಲ್ಲ. ಪಕ್ಕದ ಕೊಳೆಗೇರಿಯ ಮಕ್ಕಳು ಜೋಕಾಲಿ ಆಡಿದರು ಅಂತ ದೂರು ಬರೆದ ಇನ್ನೊಬ್ಬರಿಗೂ ಇದೇ ಉತ್ತರ. ಪತ್ರ ಅಚ್ಚು ಹಾಕಿಲ್ಲ, ಕೋಪ ಮಾಡಿಕೊಳ್ಳಬೇಡಿ.

ಪ್ರಶ್ನೆ: ವಾಕಿಂಗ್ ಟ್ರ್ಯಾಕ್ ಅಗಲ ಮಾಡಲು ಹಳೆಯ ಆಲದ ಮರಕ್ಕೆ ಕೆಂಪು ಬಣ್ಣದ ಗುರುತು ಹಾಕಿದ್ದಾರೆ.
— ಓದುಗರು, ಬೀದರ್

1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಅಧಿಕಾರಿಯ ಅನುಮತಿ ಬೇಕು. ಅರಣ್ಯ ಇಲಾಖೆಗೆ ಇವತ್ತೇ ಹೋಗಿ ಅನುಮತಿ ಪ್ರತಿ ತೋರಿಸಿ ಅನ್ನಿ. ಪ್ರತಿ ಇಲ್ಲವಾದರೆ ಅಲ್ಲೇ ದೂರು ಬರೆದುಕೊಡಿ. ಟ್ರ್ಯಾಕು ಮರವನ್ನು ಸುತ್ತಿ ಹೋದರೆ ಯಾರ ಕಾಲೂ ನೋಯುವುದಿಲ್ಲ. ಈ ಪತ್ರಕ್ಕೆ ಮಾತ್ರ ಅಂಕಣ ಅಚ್ಚಾಗುವ ತನಕ ಕಾಯದೆ ಆಗಲೇ ಅಂಚೆಯಲ್ಲಿ ಉತ್ತರ ಹಾಕಿದ್ದೇನೆ.

ಪ್ರಶ್ನೆ: ಪಾರ್ಕಿನ ಗೇಟಿಗೇ ಮಿರ್ಚಿ ಭಜಿ ಗಾಡಿ. ವಾಕಿಂಗ್ ಮುಗಿಸಿ ಹೊರಗೆ ಬಂದರೆ ಎಲ್ಲ ಹಾಳು. ತೆಗೆಸುವುದು ಹೇಗೆ?
— ಸಕ್ಕರೆ ಕಾಯಿಲೆಯವರು, ಕಲಬುರಗಿ

ಗಾಡಿ ತೆಗೆಸುವುದು ಅಷ್ಟು ಸುಲಭವಲ್ಲ ಸರ್, ಬೀದಿ ವ್ಯಾಪಾರಿಗಳಿಗೂ 2014ರಲ್ಲಿ ಕಾಯ್ದೆ ಬಂದಿದೆ, ಎಲ್ಲಿ ನಿಲ್ಲಬೇಕು ಅಂತ ಪಟ್ಟಣ ವ್ಯಾಪಾರ ಸಮಿತಿ ತೀರ್ಮಾನಿಸುತ್ತದೆ. ಗೇಟಿಗೆ ಅಡ್ಡ ಇದ್ದರೆ ಹತ್ತು ಹೆಜ್ಜೆ ಸರಿಸಲು ಕೇಳಬಹುದು. ಎಣ್ಣೆ ಕಾಗದಕ್ಕೆ ಒಂದು ಬುಟ್ಟಿ ಇಡಲು ಹೇಳಬಹುದು. ಆದರೆ ರಾತ್ರಿ ಎಂಟಕ್ಕೆ ಆ ಗಾಡಿಯ ಬಲ್ಬು ಉರಿಯುತ್ತಿರುವುದಕ್ಕೇ ಧೈರ್ಯದಿಂದ ಇನ್ನೊಂದು ಸುತ್ತು ಹಾಕುತ್ತೇವೆ ಅಂತ ನಿಮ್ಮದೇ ಬಡಾವಣೆಯ ಮೂವರು ಹೆಂಗಸರು ಬರೆದಿದ್ದಾರೆ. ಪಾರ್ಕಿಗೆ ಇನ್ನೊಂದು ಗೇಟು ಇದೆಯಲ್ಲ, ಹಿಂದಿನ ರಸ್ತೆಗೆ? ಅದರ ಕೀಲಿಕೈ ಯಾರ ಹತ್ತಿರ ಇದೆ, ವಿಚಾರಿಸಿ.